ಕಣ್ಣು ಮುಚ್ಚಿ ತಿಂದ ಐದು ಉಬೆ ಹಲಾಯ

ಕಳೆದ ಡಿಸೆಂಬರ್‌ನ ಒಂದು ಭಾನುವಾರ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಐದು ಬಟ್ಟಲುಗಳು ಸಾಲಾಗಿ ಕುಳಿತಿದ್ದವು. ಐದರಲ್ಲೂ ನೇರಳೆ ಬಣ್ಣದ ಉಬೆ ಹಲಾಯ, ಇಲ್ಲಿನ ಗೆಣಸಿನ ಸಿಹಿ. ಒಂದು ಮಾಸಲು, ಒಂದು ಕಡು, ಇನ್ನೊಂದು ಹೋಳಿಯ ದಿನ ಎರಚುವ ಬಣ್ಣದಷ್ಟು ಕಣ್ಣಿಗೆ ರಾಚುವಂಥದ್ದು. ಪಕ್ಕದ ಮನೆಯ ಆತೆ ಒಳಗೆ ಬಂದವರೇ, "ಮೊದಲು ಕಣ್ಣು ಮುಚ್ಚಿಕೋ, ಇಲ್ಲದಿದ್ದರೆ ಬಣ್ಣ ನಿನಗೆ ಮೋಸ ಮಾಡುತ್ತದೆ" ಎಂದರು. ಇಲ್ಲಿ ಅಕ್ಕನನ್ನು ಆತೆ ಎನ್ನುತ್ತಾರೆ. ನನ್ನ ಈ ಅಕ್ಕ ಬೊಹೋಲ್ ದ್ವೀಪದವರು. ಉಬೆಯ ವಿಷಯದಲ್ಲಿ ಬೊಹೋಲದವರ ಮಾತಿಗೆ ಎದುರಾಡಬಾರದೆಂದು ನಾನು ಕಲಿತು ಬಹಳ ಕಾಲವಾಯಿತು. ನಾವಿಬ್ಬರೂ ಕಣ್ಣು ಮುಚ್ಚಿದೆವು, ನನ್ನ ಮಗಳು ಚಮಚದಲ್ಲಿ ಒಂದೊಂದನ್ನೇ ಬಾಯಿಗಿಟ್ಟಳು.

ಉಬೆ ಎಂದರೆ ನೇರಳೆ ತಿರುಳಿನ ತೂಣಗೆಣಸು. ಬೇಯಿಸಿ, ನುರಿದು, ಸಕ್ಕರೆ, ಬೆಣ್ಣೆ, ಹಾಲು ಅಥವಾ ತೆಂಗಿನ ಹಾಲು ಸೇರಿಸಿ ತಳ ಬಿಡುವವರೆಗೆ ಮಗಚಿದರೆ ಉಬೆ ಹಲಾಯ. ಜೆಲ್ಲಿಗೆ ಸ್ಪ್ಯಾನಿಷರು ಹೇಳುವ ಮಾತೇ ಇಲ್ಲಿನ ಬಾಯಲ್ಲಿ ಹಲಾಯ ಆಗಿದೆ, ಆದರೆ ಇದು ಜೆಲ್ಲಿಯ ಹಾಗೆ ನಡುಗುವುದಿಲ್ಲ. ಪುತ್ತೂರಿನ ಕಡೆಯವಳಾದ ನನಗೆ ಮೊದಲ ತುತ್ತಿಗೇ ನೆನಪಾದದ್ದು ಹಲಸಿನ ಹಣ್ಣಿನ ಬೆರಟಿ. ಕೆಲಸವೂ ಅದೇ, ತೋಳು ನೋವೂ ಅದೇ. ಮೊಟ್ಟೆ ಬೀಳುವುದಿಲ್ಲವಾದ್ದರಿಂದ ಊರಿನಿಂದ ಬರುವ ಸಸ್ಯಾಹಾರಿ ನೆಂಟರಿಗೂ ಧೈರ್ಯವಾಗಿ ಬಡಿಸಬಹುದು. ಈ ದೇಶದಲ್ಲಿ ಅದು ಸಣ್ಣ ಮಾತಲ್ಲ. ಗಡ್ಡೆಯ ಫೋಟೊ ಕಳುಹಿಸಿದಾಗ ವಿರಾಜಪೇಟೆಯ ನನ್ನ ಅತ್ತಿಗೆ, "ಇದು ನಮ್ಮ ಪುತ್ತರಿ ಗೆಣಸಲ್ಲವೇ?" ಎಂದು ಕೇಳಿದರು. ಹೌದು, ಅದೇ. ಕೊಡಗಿನಲ್ಲಿ ಅದನ್ನು ಪುತ್ತರಿ ಹಬ್ಬಕ್ಕೆ ಬೇಯಿಸಿ ತಿನ್ನುವ ದಿನಗಳಲ್ಲೇ ಇಲ್ಲಿ ಕ್ರಿಸ್‌ಮಸ್‌ಗಾಗಿ ಬಾಣಲೆಗಳು ಒಲೆ ಏರಿರುತ್ತವೆ.

ಮೊದಲ ಚಮಚ ಬಾಗಿಯೊದ್ದು. ಲುಸಾನ್ ದ್ವೀಪದ ಬೆಟ್ಟದ ಮೇಲಿರುವ ಆ ತಂಪು ಊರಿಗೆ ಹೋದವರು ಗುಡ್ ಶೆಪರ್ಡ್ ಕಾನ್ವೆಂಟಿನ ಉಬೆ ಜಾಮ್ ತರದೆ ಮರಳಿದರೆ ಮನೆಯವರು ಬಾಗಿಲಲ್ಲೇ ಕೇಳುತ್ತಾರೆ. ಮೈನ್ಸ್ ವ್ಯೂ ಉದ್ಯಾನದ ಹತ್ತಿರ ಸನ್ಯಾಸಿನಿಯರು ನಡೆಸುವ ಮಳಿಗೆ ಅದು. ಬಂದ ಹಣ ಬೆಟ್ಟದ ಊರುಗಳ ಮಕ್ಕಳ ಓದಿಗೆ ಹೋಗುತ್ತದೆ. ಹದ ನುಣುಪು, ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಹಾಲು ಬೆಣ್ಣೆಯ ರುಚಿ ಮುಂದೆ, ಗೆಣಸಿನದು ಹಿಂದೆ. ಎಲ್ಲಿಯೂ ಗಂಟಿಲ್ಲ, ನಾರಿಲ್ಲ. ಆತೆ ಕಣ್ಣು ತೆರೆಯದೆಯೇ "ಬಾಗಿಯೊ" ಎಂದುಬಿಟ್ಟರು. 2019ರಲ್ಲಿ ನೇರಳೆ ಉಬೆ ಸಾಕಷ್ಟು ಸಿಗದೆ ಹೋದಾಗ ಇದೇ ಸನ್ಯಾಸಿನಿಯರು ಬಿಳಿ ತಿರುಳಿನ ಉಬೆಯಿಂದಲೇ ಜಾಮ್ ಮಾಡಿ, ಬಣ್ಣ ಬೆರೆಸದೆ ಬಿಳಿಯಾಗಿಯೇ ಮಾರಿದರು. ಒಂದು ಹನಿ ಬಣ್ಣ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬಾಟಲಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದ್ದರೆ ಅದಕ್ಕೆ ಕಾರಣ ಇದೇ.

ಎರಡನೆಯದು ನಾನೇ ತಾಜಾ ಗಡ್ಡೆಯಿಂದ ಮಾಡಿದ್ದು. ಬೊಹೋಲದ ಕಿನಾಂಪಾಯ್ ತಳಿ. ಪಾಂಗ್ಲಾವೊ, ದವಿಸ್ ಕಡೆಯ ತೋಟಗಳದ್ದಕ್ಕೆ ಹೆಚ್ಚು ಹೆಸರು. ಆತೆ ಊರಿನಿಂದ ತರಿಸಿಕೊಟ್ಟ ಚೀಲದಿಂದ ಒಂದು ಗಡ್ಡೆ ನನ್ನ ಕೈಜಾರಿ ನೆಲಕ್ಕೆ ಬಿತ್ತು. ಅವರು ತಟ್ಟನೆ ಬಗ್ಗಿ ಎತ್ತಿಕೊಂಡು ಅದಕ್ಕೆ ಮುತ್ತಿಟ್ಟರು. ಬರಗಾಲದಲ್ಲಿ ಜೀವ ಉಳಿಸಿದ ಗಡ್ಡೆ, ಅದಕ್ಕೆ ಅಗೌರವ ಆಗಬಾರದು ಎನ್ನುವುದು ಬೊಹೋಲದ ನಂಬಿಕೆ. ಅನ್ನದ ಅಗುಳು ತುಳಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ಅಜ್ಜಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತಿರಲಿಲ್ಲ.

ಹಿಂದಿನ ಸಲ ಹಸಿ ಗಡ್ಡೆಯ ಸಿಪ್ಪೆ ಕೆತ್ತಲು ಹೋಗಿ ಅಂಗೈ ತುರಿಸಿಕೊಂಡು ಕುಳಿತಿದ್ದೆ. ಕೆಸುವಿನ ತುರಿಕೆಯ ತಂಗಿ ಇದು. ಈ ಸಲ ಸಿಪ್ಪೆ ಸಮೇತ ಬೇಯಿಸಿದೆ. ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಬೇಗ ಮೆತ್ತಗಾಗಲಿ ಎಂದು ಕಡಲೆಗೆ ಹಾಕುವಂತೆ ಬೇಯುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ದೆ. ಹೊರಮೈಯೆಲ್ಲ ನೀಲಿ ಹಸಿರಿಗೆ ತಿರುಗಿ, ಪಾಚಿ ಕಟ್ಟಿದ ಕಲ್ಲಿನಂತಾಯಿತು. ನೇರಳೆ ಬಣ್ಣ ಕೊಡುವ ಆಂಥೊಸಯನಿನ್ ಕ್ಷಾರ ಕಂಡರೆ ಹಾಗೆ ಬದಲಾಗುತ್ತದೆ. ಹೊರಪದರ ಹೆರೆದು ಒಳಗಿನದನ್ನು ಉಳಿಸಿಕೊಂಡೆ.

ಒಂದು ಕಿಲೊ ತಿರುಳು, ಎರಡು ತೆಂಗಿನಕಾಯಿಯ ಹಾಲು, 350 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ. ನೀರು ಹಾಲನ್ನು ಮೊದಲು, ಗಟ್ಟಿ ಹಾಲನ್ನು ಕೊನೆಗೆ ಹಾಕಿದೆ. ಮಗಚಿದ್ದು ಐವತ್ತು ನಿಮಿಷ. ಕೊನೆಯ ಹತ್ತು ನಿಮಿಷ ಕೊತಕೊತ ಹಾರಿ ಮಣಿಕಟ್ಟು ಸುಡುತ್ತದೆ, ಉದ್ದ ಹಿಡಿಯ ಮರದ ಸೌಟು ಇಲ್ಲದೆ ಒಲೆ ಹಚ್ಚಲೇಬೇಡಿ. ಆದರೆ ಆ ಪರಿಮಳ! ಗಂಧಸಾಲೆ ಅನ್ನದ ಮುಚ್ಚಳ ತೆಗೆದಾಗ ಬರುವ ಆವಿಗೆ ಹುರಿದ ಗೋಡಂಬಿ ಬೆರೆತಂತೆ. ನಾಲಿಗೆಗೆ ಸಣ್ಣ ತರಿತರಿ ಸಿಗುತ್ತದೆ, ನನಗದು ಇಷ್ಟ. ಬಣ್ಣ ಮಾತ್ರ ಮಾಸಲು, ತೊಳೆದು ತೊಳೆದು ಸವೆದ ಸೀರೆಯದ್ದು. ಐದರಲ್ಲಿ ಅತ್ಯಂತ ಸಪ್ಪೆಯಾಗಿ ಕಂಡ ಬಟ್ಟಲು ಇದೇ, ಆತೆ ಎರಡನೇ ಚಮಚ ಕೇಳಿದ ಒಂದೇ ಬಟ್ಟಲೂ ಇದೇ. ದೋಷವೊಂದಿದೆ: ತೆಂಗಿನ ಹಾಲಿನದ್ದು ಫ್ರಿಜ್‌ನಲ್ಲಿಟ್ಟರೂ ನಾಲ್ಕನೇ ದಿನಕ್ಕೆ ಹುಳಿ ವಾಸನೆ ಹಿಡಿಯಿತು.

ಮೇಲೆ ಉದುರಿಸುವ ಲಾತಿಕ್‌ನ ಬಗ್ಗೆ ನಮ್ಮಿಬ್ಬರ ನಡುವೆ ಸಣ್ಣ ಜಗಳವೂ ಆಯಿತು. ಮನಿಲಾದವರಿಗೆ ಲಾತಿಕ್ ಎಂದರೆ ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿದಾಗ ಉಳಿಯುವ ಕಂದು ಗಸಿ. ಆತೆಯ ಊರಿನಲ್ಲಿ ಅದೇ ಹೆಸರು ತೆಂಗಿನ ಹಾಲಿನ ಸಿಹಿ ಪಾಕಕ್ಕೆ. ನಾನು ಗಸಿ ಉದುರಿಸಿದೆ, ಅವರು ತಮ್ಮ ಪಾಲಿನಿಂದ ಅದನ್ನು ಬದಿಗೆ ಸರಿಸಿದರು.

ಮೂರನೆಯದು ತುರಿದು ಹೆಪ್ಪುಗಟ್ಟಿಸಿದ ಉಬೆ, 454 ಗ್ರಾಂ ಪೊಟ್ಟಣ, ಜೊತೆಗೆ ಒಂದು ಡಬ್ಬಿ ಕಂಡೆನ್ಸ್ಡ್ ಹಾಲು. ಅಮೆರಿಕದಲ್ಲಿರುವ ನನ್ನ ತಮ್ಮ ಫಿಲಿಪ್ಪೀನ್ಸ್ ಅಂಗಡಿಯಿಂದ ತರುವುದೂ ಇಂಥದ್ದನ್ನೇ. ಇಪ್ಪತ್ತೈದು ನಿಮಿಷಕ್ಕೆ ತಳ ಬಿಟ್ಟಿತು, ಒಂದು ವಾರ ಕೆಡಲಿಲ್ಲ. ಪರಿಮಳ ಅರ್ಧ, ಸಿಹಿ ಒಂದೂವರೆ ಪಟ್ಟು. ಡಬ್ಬಿಯ ಮುಕ್ಕಾಲು ಭಾಗ ಮಾತ್ರ ಹಾಕಿ ಚಿಟಿಕೆ ಉಪ್ಪು ಸೇರಿಸಿದ್ದರೆ ಸರಿಹೋಗುತ್ತಿತ್ತೆಂದು ಈಗ ಅನ್ನಿಸುತ್ತದೆ. ತಾಜಾ ಗಡ್ಡೆ ಸಿಗದ ಊರಿನಲ್ಲಿರುವವರಿಗೆ ನಾನು ಹೇಳುವುದು ಇದನ್ನೇ.

ನಾಲ್ಕನೆಯದು ಉಬೆ ಪುಡಿಯದ್ದು. ಬಿಸಿನೀರಿನಲ್ಲಿ ನೆನೆಸಿ, ಪರಿಮಳ ಸಾಲದೆಂದು ಎಸೆನ್ಸ್ ಹಾಕಿದೆ. ಎಸೆನ್ಸಿನೊಡನೆ ಬಣ್ಣವೂ ಬಂತು, ಹೋಳಿಯ ಬಟ್ಟಲು ಇದೇ. ಕಣ್ಣು ಮುಚ್ಚಿ ತಿಂದಾಗ ಸಕ್ಕರೆ ಬೆರೆಸಿದ ಹಿಟ್ಟಿನ ಗಂಜಿ.

ಐದನೆಯದು ವೇಷಧಾರಿ. ನೇರಳೆ ಸಿಹಿಗೆಣಸಿನಿಂದ ಮಾಡಿ ಉಬೆಯೆಂದು ದಾಟಿಸಲು ನೋಡಿದೆ. ಹೊರಗಿನವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಆದರೆ ಸಿಹಿಗೆಣಸು ಬೇರೆಯದೇ ಕುಲ. ಗಡ್ಡೆಯಲ್ಲೇ ಸಿಹಿ ಇರುವುದರಿಂದ ಸಕ್ಕರೆ ಕಡಿಮೆ ಸಾಕು, ಆದರೆ ಉಬೆಯ ಆ ಅಂಟು ಇಲ್ಲ. ಎಷ್ಟು ಮಗಚಿದರೂ ಸೌಟಿನಿಂದ ಪೊಳ್ಳಾಗಿ ಉದುರುತ್ತದೆ. ಆತೆ ಬಾಯಿಗಿಟ್ಟ ಕೂಡಲೇ "ಕಮೋತೆ!" ಎಂದು ನಕ್ಕರು. ಸಿಹಿಗೆಣಸಿಗೆ ಇಲ್ಲಿನ ಹೆಸರು ಅದು. ಅದರ ಹೆಸರಿನಲ್ಲೇ ಬಡಿಸಿದ್ದರೆ ಮೆಚ್ಚುತ್ತಿದ್ದರೇನೋ.

ನನ್ನ ಲೆಕ್ಕದಲ್ಲಿ ಹಬ್ಬದ ದಿನಕ್ಕೆ ಕಿನಾಂಪಾಯ್ ಮತ್ತು ತೆಂಗಿನ ಹಾಲು, ಉಳಿದ ವರ್ಷವೆಲ್ಲ ಬಾಗಿಯೊ ಬಾಟಲಿ. ಆತೆಗೆ ಬಾಟಲಿಯೂ ಬೇಡ. ಗಡ್ಡೆ ಇಲ್ಲದ ತಿಂಗಳುಗಳಲ್ಲಿ ಹಲಾಯವೂ ಇಲ್ಲ ಎನ್ನುತ್ತಾರೆ. ಬಳ್ಳಿ ನೆಟ್ಟು ಎಂಟು ಹತ್ತು ತಿಂಗಳು ಕಾಯುವವರ ಮಾತು ಅದು.

ಸಂಜೆ ಹಾಲೊ ಹಾಲೊ ಮಾಡಿದೆ. ಹಾಗೆಂದರೆ ಕಲಸು ಕಲಸು ಎಂದರ್ಥ. ಹೆರೆದ ಮಂಜುಗಡ್ಡೆ, ಹಾಲು, ಸಿಹಿ ಕಾಳುಗಳ ನೆತ್ತಿಯ ಮೇಲೆ ಒಂದು ಉಂಡೆ ಹಲಾಯ. ಹಗಲೆಲ್ಲ ಕಣ್ಣು ಬಿಟ್ಟುಕೊಂಡೇ ಚಮಚ ಹಿಡಿದಿದ್ದ ಮಗಳಿಗೆ, ಯಾವುದು ಬೇಕೋ ಹಾಕಿಕೋ ಎಂದೆ. ಅವಳು ನೇರವಾಗಿ ನಾಲ್ಕನೇ ಬಟ್ಟಲಿಗೆ ಕೈ ಹಾಕಿದಳು.