ಮೂರು ವರ್ಷ ಕ್ಯಾಮೆರಾ ತಲೆ ಮೇಲೆ ಕೂತ ಗುಳ್ಳೆ

ಕ್ಯಾಮೆರಾದ ಹಾಟ್ ಶೂಗೆ, ಅಂದರೆ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೆ, ಸಿಕ್ಕಿಸುವ ಪುಟ್ಟ ಬಬಲ್ ಲೆವೆಲ್ ಇದು. ಒಳಗಿನ ದ್ರವದ ಗುಳ್ಳೆ ನಡುವೆ ನಿಂತರೆ ಕ್ಯಾಮೆರಾ ವಾಲಿಲ್ಲ ಎಂದರ್ಥ. ಬೆಲೆ ಇನ್ನೂರು ರೂಪಾಯಿಯೊಳಗೆ. ತಗೊಂಡು ಮೂರು ವರ್ಷವಾಯಿತು.

ತಗೊಳ್ಳಲು ಕಾರಣ ಆಲಮಟ್ಟಿ. ಬಾಗಲಕೋಟೆಯಲ್ಲಿ ಎತ್ತ ಹೋದರೂ ಹಿನ್ನೀರು ಅಲ್ವಾ? ಜಲಾಶಯ ತುಂಬಿದಾಗ ನೀರಿನ ಮಟ್ಟ ಎಲ್ಲೆಡೆ ಒಂದೇ, ಸಮುದ್ರಮಟ್ಟದಿಂದ 519.60 ಮೀಟರ್. ನನ್ನ ಫೋಟೊದಲ್ಲಿ ಮಾತ್ರ ನೀರೆಲ್ಲ ವಿಜಯಪುರದ ಕಡೆ ಸುರಿದು ಹೋಗುವ ಹಾಗಿರುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿರುಗಿಸುತ್ತಿದ್ದೆ. ಆದರೆ ಒಂದೇ ಒಂದು ಡಿಗ್ರಿ ತಿರುಗಿಸಿದರೂ ಅಂಚು ಕತ್ತರಿಸಿ ಚಿತ್ರದ ಸುಮಾರು 5 ಪರ್ಸೆಂಟ್ ಹೋಗುತ್ತದೆ. ಎರಡು ಡಿಗ್ರಿಗೆ ಹತ್ತಿರ ಹತ್ತಿರ 10. ಅಂಚಿನಲ್ಲಿದ್ದ ದೋಣಿಗೆ ಮೂತಿಯೇ ಉಳಿಯುತ್ತಿರಲಿಲ್ಲ.

ಮೊದಲು ಬಂದ ಪೀಸ್ ಸುಳ್ಳುಬುರುಕ. ಅದನ್ನು ಹಿಡಿದದ್ದು ನಾನಲ್ಲ, ಮನೆ ರಿಪೇರಿಗೆ ಬಂದಿದ್ದ ಗೌಂಡಿ. "ಕಟ್ಟಿ ಮ್ಯಾಲ ಇಡ್ರಿ. ಗುಳ್ಳಿ ಎಲ್ಲಿ ನಿಂತೈತಿ ನೋಡ್ರಿ. ಈಗ ಹೊಳ್ಳಿಸಿ ಇಡ್ರಿ. ಅಲ್ಲೇ ನಿಂತ್ರ ಖರೆ" ಎಂದರು. ಅಡುಗೆಮನೆಯ ಇಳಕಲ್ ಗ್ರಾನೈಟ್ ಮೇಲೆ ಇಟ್ಟೆ. ಗುಳ್ಳೆ ನಡುವೆ ನಿಂತಿತು. ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿಟ್ಟರೆ ಗೆರೆ ದಾಟಿ ಹೋಯಿತು! ವಾಪಸ್ ಕಳಿಸಿದೆ. ಬದಲಿಗೆ ಬಂದದ್ದು ಪಾಸಾಯಿತು. ನೀವೂ ಕೊಂಡ ದಿನವೇ ಹೀಗೆ ನೋಡಿಬಿಡಿ.

ತಕರಾರುಗಳೂ ಇವೆ. ಇದರ ಕಾಲು ಹಾಟ್ ಶೂನಲ್ಲಿ ಸಡಿಲ, ಅಲುಗಾಡುತ್ತದೆ. ಒಂದು ಬಸ್ ಟಿಕೆಟ್ ಮಡಚಿ ತುರುಕಿದ್ದೇನೆ. ಕೈಯಲ್ಲಿ ಹಿಡಿದು ಫೋಟೊ ತೆಗೆಯುವವರಿಗೆ ಇದು ಬೇಡವೇ ಬೇಡ. ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ಗುಳ್ಳೆ ಕಾಣುವುದಿಲ್ಲ. ಅವರಿಗೆ ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ಲೆವೆಲ್ಲೇ ಸೈ. ಇದು ಟ್ರೈಪಾಡ್ ಸಾಮಾನು. ನಮ್ಮ ಮೇ ತಿಂಗಳ ಬಿಸಿಲಿಗೆ ಒಳಗಿನ ದ್ರವ ಹಿಗ್ಗಿ ಗುಳ್ಳೆ ಸಣ್ಣದಾಗುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ, ನಡುವೆ ನಿಂತರೆ ಸಾಕು.

ಬಾದಾಮಿಯ ಅಗಸ್ತ್ಯ ತೀರ್ಥದಲ್ಲಿ ಒಮ್ಮೆ ಇದರ ಜೊತೆ ನನಗೆ ಜಗಳವೇ ಆಯಿತು. ಅಲ್ಲಿ ಕೆರೆಯ ದಂಡೆ ಓರೆಯಾಗಿ ದೂರ ಸರಿಯುತ್ತದೆ. ಆ ಗೆರೆ ನೋಡುತ್ತಾ ನಿಂತರೆ ನೀರೇ ಓರೆಯಾದಂತೆ ಕಾಣುತ್ತದೆ. ಗುಳ್ಳೆ ಸರಿ ಇದೆ ಎನ್ನುತ್ತಿತ್ತು, ಕಣ್ಣು ಒಪ್ಪಲಿಲ್ಲ. ಕಣ್ಣಿನ ಮಾತು ಕೇಳಿ ಕ್ಯಾಮೆರಾ ವಾಲಿಸಿದೆ. ಮನೆಯಲ್ಲಿ ನೋಡಿದರೆ ಭೂತನಾಥ ಗುಡಿಯ ಶಿಖರದ ತುದಿ ಒಂದು ಕಡೆ, ನೀರಿನಲ್ಲಿ ಮೂಡಿದ ತುದಿ ಇನ್ನೊಂದು ಕಡೆ. ಅವೆರಡೂ ತೂಗುಗುಂಡು ಬಿಟ್ಟಂತೆ ನೆಟ್ಟಗೆ ಮೇಲೆ ಕೆಳಗೆ ಇರಬೇಕಿತ್ತು.

ಮರುವಾರ ಮತ್ತೆ ಬಾದಾಮಿ ಬಸ್ ಹತ್ತಿದೆ. ಲೆವೆಲ್ಲಿನ ಕಾಲಿನ ಕೆಳಗೆ ಮಡಚಿಟ್ಟಿರುವುದು ಅದೇ ಟಿಕೆಟ್.