ಟಿವಿಗೆ ಸರ್ವರ್ ಸಿಗ್ತಿಲ್ಲ ಅಂತ ಫೈರ್‌ವಾಲ್ ತೆಗೆಸಬೇಡಿ

ಮನೆ ಕಂಪ್ಯೂಟರ್‌ನಲ್ಲಿ ಜೆಲ್ಲಿಫಿನ್ (ಕಂಪ್ಯೂಟರ್‌ನಲ್ಲಿರುವ ವಿಡಿಯೊಗಳನ್ನು ಮನೆಯ ಟಿವಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್) ಹಾಕಿ ಟಿವಿಯಲ್ಲಿ ವಿಡಿಯೊ ನೋಡುವವರು ದಯವಿಟ್ಟು ಇದನ್ನು ಓದಿ. ಕಲಬುರಗಿಯ ನಮ್ಮ ಮನೆಯಲ್ಲಿ ಆಗಿದ್ದು ನಿಮಗೆ ಆಗಬಾರದು.

ತಂಗಿಯ ಮದುವೆ, ಶರಣಬಸವೇಶ್ವರ ಜಾತ್ರೆಯ ತೇರು, ಎಲ್ಲ ವಿಡಿಯೊ ಒಂದೇ ಕಂಪ್ಯೂಟರ್‌ನಲ್ಲಿವೆ. ಅದನ್ನು ಮಾಳಿಗೆ ರೂಮಿಗೆ ಒಯ್ದಾಗ ಅಲ್ಲಿಗೆ ಇನ್ನೊಂದು ರೌಟರ್ ಬೇಕಾಯಿತು. ಅಂಗಡಿಯ ಹುಡುಗ ಬಂದು ಕೂಡಿಸಿ ಹೋದ. ಅವತ್ತಿನಿಂದ ಹಾಲ್‌ನ ಟಿವಿಗೆ ಸರ್ವರ್ ಸಿಗಲೇ ಇಲ್ಲ.

ಮತ್ತೆ ಕರೆಸಿದೆವು. "ಅಣ್ಣಾ, ಫೈರ್‌ವಾಲ್ ಅಡ್ಡ ಬರ್ಲಾಕತ್ತದ, ತೆಗೆದುಬಿಟ್ರ ಎಲ್ಲ ಸರಿ ಆಗ್ತದ" ಅಂದ. ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವುದೇ ಈ ಫೈರ್‌ವಾಲ್, ಅದನ್ನೇ ಆಫ್ ಮಾಡಿದ. ಎರಡೂ ರೌಟರ್‌ಗಳಲ್ಲಿ ಡಿಎಂಜೆಡ್ ಹಾಕಿದ. ಮುಂದೆ ಅಂಗಡಿಯಿಂದಲೇ ನೋಡಿಕೊಳ್ಳುತ್ತೇನೆ ಅಂತ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಲಾಗಿನ್ ಆಗಿ ಕಂಪ್ಯೂಟರ್ ನಡೆಸುವ ಸೌಲಭ್ಯ) ಕೂಡ ಆನ್ ಮಾಡಿಟ್ಟ. ಟಿವಿಯಲ್ಲಿ ವಿಡಿಯೊ ಬಂತು, ದುಡ್ಡು ತೆಗೆದುಕೊಂಡು ಹೋದ.

ಡಿಎಂಜೆಡ್ ಅಂದರೆ ಹೊರಗಿನ ಇಂಟರ್ನೆಟ್‌ನಿಂದ ಬರುವುದನ್ನೆಲ್ಲ ನೇರ ಆ ಕಂಪ್ಯೂಟರ್‌ಗೆ ಬಿಡುವುದು. ಸಿಸಿಟಿವಿಗೋಸ್ಕರ ನಾವು ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ತಲುಪಬಹುದಾದ ವಿಳಾಸ) ತೆಗೆದುಕೊಂಡಿದ್ದೆವು, ಇದು ಅವನಿಗೂ ಗೊತ್ತಿತ್ತು. ಕಾಕಾನ ಮಗ ಊರಿಗೆ ಬಂದಾಗ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆಗೆದು ತೋರಿಸಿದ. 4625 ಅನ್ನೋ ನಂಬರಿನ ಸಾಲುಗಳು, ಪುಟಗಟ್ಟಲೆ. ಲಾಗಿನ್ ಆಗಲು ನೋಡಿ ಸೋತವರ ದಾಖಲೆ ಅದು. ಅಡ್ಮಿನ್, ಟೆಸ್ಟ್, ಯೂಸರ್ ಅಂತ ಒಂದೊಂದೇ ಹೆಸರು ಹಾಕಿ, ನಡುರಾತ್ರಿಯಲ್ಲೂ ಯಾರೋ ಬಾಗಿಲು ಬಡಿಯುತ್ತಲೇ ಇದ್ದರು. ಪಾಸ್‌ವರ್ಡ್ ಉದ್ದ ಇತ್ತು, ಉಳಿದುಕೊಂಡೆವು. ನೋಡಿ ಅವ್ವನ ಮುಖ ಬಾಡಿಹೋಯಿತು. ಅಪ್ಪನ ಪಿಂಚಣಿ ಕಾಗದಗಳೂ ಅದರಲ್ಲೇ ಇವೆ.

ಅಸಲು ತೊಂದರೆ ಚಿಕ್ಕದು. ಟಿವಿಯ ಐಪಿ 192.168.1 ರಿಂದ ಶುರು, ಕಂಪ್ಯೂಟರ್‌ನದು 192.168.0 ರಿಂದ. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್! ಕೆಳಗಿನ ಟಿವಿ ಮೇಲಿನ ರೌಟರ್ ದಾಟಿ ಒಳಗೆ ಹೋಗೋಕಾಗಲ್ಲ. ಕಾಕಾನ ಮಗ ಮಾಳಿಗೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನ ರೌಟರ್‌ನದನ್ನೇ ಮುಂದುವರಿಸುವ ಮೋಡ್) ಬದಲಿಸಿದ, ಅಷ್ಟೇ. ಎರಡೂ ಒಂದೇ ನೆಟ್‌ವರ್ಕ್‌ಗೆ ಬಂದವು. ಡಿಎಂಜೆಡ್, ರಿಮೋಟ್ ಡೆಸ್ಕ್‌ಟಾಪ್ ತೆಗೆದ. ಫೈರ್‌ವಾಲ್ ಆನ್ ಮಾಡಿ, ಮನೆ ನೆಟ್‌ವರ್ಕನ್ನು ಪ್ರೈವೇಟ್ ಅಂತ ಇಟ್ಟು, ಜೆಲ್ಲಿಫಿನ್‌ಗೆ ಬೇಕಾದ 8096 ಪೋರ್ಟ್ (ಸಂಪರ್ಕದ ಬಾಗಿಲಿನ ನಂಬರ್) ಒಂದನ್ನೇ ಬಿಟ್ಟ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್‌ನ ಐಪಿ ಬದಲಾಗದಂತೆ ರೌಟರ್‌ನಲ್ಲಿ ಕಾಯಂ ಮಾಡಿದ. ನಮ್ಮೂರಿನ ಬೇಸಿಗೆಗೆ ಇದು ಬೇಕೇ ಬೇಕು, ಅಲ್ವಾ?

ಯಾರನ್ನಾದರೂ ಕರೆಸುವ ಮುಂಚೆ ಟಿವಿ ಇರುವ ವೈಫೈಗೇ ಫೋನ್ ಕೂಡಿಸಿ. ಬ್ರೌಸರ್‌ನಲ್ಲಿ ಕಂಪ್ಯೂಟರ್‌ನ ಐಪಿ, ಕೋಲನ್, 8096 ಹೊಡೆಯಿರಿ. ಲಾಗಿನ್ ಪುಟ ಬಂದರೆ ಸರ್ವರ್ ಚೆನ್ನಾಗಿದೆ, ಟಿವಿ ಆ್ಯಪ್‌ನಲ್ಲಿ ಅದೇ ವಿಳಾಸ ಹಾಕಿ ನೋಡಿ. ಬರದಿದ್ದರೆ ಟಿವಿ, ಕಂಪ್ಯೂಟರ್ ಎರಡರ ಐಪಿ ಹೋಲಿಸಿ, ನಮ್ಮಲ್ಲಿದ್ದಂತೆ ಶುರು ಬೇರೆ ಬೇರೆ ಇದ್ದರೆ ನೆಟ್‌ವರ್ಕ್ ಎರಡಾಗಿದೆ ಅಂತ ಅರ್ಥ. ಈಗಾಗಲೇ ಯಾರಾದರೂ ಬಂದು "ಸರಿ" ಮಾಡಿ ಹೋಗಿದ್ದರೆ ಇವತ್ತೇ ರೌಟರ್‌ನ ಸೆಟ್ಟಿಂಗ್ ಪುಟ ತೆರೆದು ಡಿಎಂಜೆಡ್ ಆನ್ ಇದೆಯಾ ನೋಡಿ. ಇದ್ದರೆ ಮೊದಲು ಆಫ್ ಮಾಡಿ, ಆಮೇಲೆ ಪಾಸ್‌ವರ್ಡ್‌ಗಳನ್ನು ಬದಲಿಸಿ.