ಮಿಲೇಟಸ್‌ನ ಬೆಳ್ಳಿ ಸಿಂಹ: ನಾಣ್ಯ ಸೊಗಸು, ವಿವರಣೆ ಅರೆಬರೆ

ಗ್ರೀಕ್ ನಗರರಾಜ್ಯಗಳ ಬೆಳ್ಳಿ ನಾಣ್ಯಗಳಲ್ಲಿ ಎಲ್ಲರೂ ಬಯಸುವುದು ಅಥೆನ್ಸಿನ ಗೂಬೆ ಚಿತ್ರದ ನಾಣ್ಯವನ್ನು. ಆದರೆ ಸುಮಾರು 17 ಗ್ರಾಂ ತೂಗುವ ಆ ನಾಲ್ಕು ದ್ರಾಕ್ಮಾ ನಾಣ್ಯದ ಬೆಲೆ ಹೊಸ ಸಂಗ್ರಾಹಕರಿಗೆ ಹೊರೆಯೇ ಸರಿ. ಅಂಥವರು ಇಂದಿನ ಟರ್ಕಿಯ ಏಜಿಯನ್ ಕರಾವಳಿಯ ಮಿಲೇಟಸ್ ನಗರದ ಪುಟ್ಟ ನಾಣ್ಯದಿಂದ, ಅಂದರೆ ಸ್ಟೇಟರ್ ಎಂಬ ದೊಡ್ಡ ನಾಣ್ಯದ ಹನ್ನೆರಡನೆಯ ಒಂದು ಪಾಲಿನಿಂದ, ಆರಂಭಿಸುವುದು ಒಳಿತು. ಆನ್‌ಲೈನ್ ಮಾರಾಟಗಾರರೊಬ್ಬರಿಂದ ನಾನು ಕೊಂಡದ್ದು ಇಂಥದೇ ನಾಣ್ಯ.

ಹುಣಸೆ ಬೀಜಕ್ಕಿಂತ ಚಿಕ್ಕದಾದ ಇದರ ಅಡ್ಡಳತೆ 9 ಮಿಲಿಮೀಟರ್, ತೂಕ 1.12 ಗ್ರಾಂ, ಸವೆತವನ್ನು ಲೆಕ್ಕಕ್ಕೆ ಹಿಡಿದರೆ, ಸುಮಾರು 14 ಗ್ರಾಂ ತೂಗುವ ಸ್ಟೇಟರಿಗೆ ಇದು ಸರಿಹೊಂದುತ್ತದೆ. ಮುಂಬದಿಯಲ್ಲಿ ಕತ್ತು ಹೊರಳಿಸಿ ಹಿಂದೆ ನೋಡುತ್ತಿರುವ ಸಿಂಹದ ಮುಂಭಾಗವಿದೆ. ಹಿಂಬದಿಯಲ್ಲಿ, ತಗ್ಗಾದ ಚೌಕದೊಳಗೆ, ಹೂವೆಂದರೆ ಹೂವು, ನಕ್ಷತ್ರವೆಂದರೆ ನಕ್ಷತ್ರ ಎನ್ನಬಹುದಾದ ವಿನ್ಯಾಸವಿದೆ. ಅಕ್ಷರಗಳಿಲ್ಲ. ಅಚ್ಚಿನ ಮೇಲೆ ಬಿಲ್ಲೆಯಿಟ್ಟು ಕೈಯಿಂದ ಬಡಿದು ಠಂಕಿಸುತ್ತಿದ್ದುದರಿಂದ ಸಿಂಹದ ಪಂಜ ಅಂಚಿನಾಚೆ ಉಳಿದಿದೆ. ಇದನ್ನು ದೋಷವೆನ್ನಲಾಗದು, ಏಕೆಂದರೆ ಈ ಗಾತ್ರದ ನಾಣ್ಯಗಳಲ್ಲಿ ಚಿತ್ರ ಪೂರ್ತಿಯಾಗಿ ಮೂಡಿರುವುದೇ ಅಪರೂಪ. ಇಂಥವು ಕ್ರಿ.ಪೂ. 6ನೆಯ ಶತಮಾನದ ಕೊನೆ ಮತ್ತು 5ನೆಯ ಶತಮಾನದ ಆರಂಭದವು. ಪರ್ಷಿಯಾದ ಆಳ್ವಿಕೆಯ ವಿರುದ್ಧ ಈ ಕರಾವಳಿಯ ಗ್ರೀಕ್ ನಗರಗಳು ಕ್ರಿ.ಪೂ. 499ರಲ್ಲಿ ಆರಂಭಿಸಿದ ಅಯೋನಿಯನ್ ದಂಗೆಯನ್ನು ಅಡಗಿಸುವಾಗ ಪರ್ಷಿಯನ್ನರು 494ರಲ್ಲಿ ಮಿಲೇಟಸ್ಸನ್ನು ನಾಶಮಾಡಿದ್ದರಿಂದ, ಅಲ್ಲಿನ ಪೇಟೆಯಲ್ಲಿ ಚಿಲ್ಲರೆಯಾಗಿದ್ದ ಈ ಬೆಳ್ಳಿಗೆ ಅದರ ಮಟ್ಟಿಗೆ ಹೆಚ್ಚಿನ ಮಹತ್ವವಿದೆ.

ಮಾರಾಟಗಾರರು ತೂಕ, ಅಳತೆಗಳನ್ನು ಪ್ರಾಮಾಣಿಕವಾಗಿ ನಮೂದಿಸಿದ್ದರೂ ಪರದೆ ತುಂಬುವಷ್ಟು ಹಿಗ್ಗಿಸಿದ ಚಿತ್ರದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹಿಂದಿನ ಒಡೆತನದ ಬಗ್ಗೆ 'ಹಳೆಯ ಸಂಗ್ರಹದಿಂದ' ಎಂಬ ಒಂದೇ ಮಾತು. ಪ್ರಾಚೀನ ವಸ್ತುಗಳ ಅನಧಿಕೃತ ಸಾಗಣೆಯನ್ನು ಟರ್ಕಿಯ ಕಾನೂನು ನಿಷೇಧಿಸಿರುವಾಗ ಅಷ್ಟು ಸಾಲದು. ಕೇಳಿದ ಮೇಲೆ ಹಳೆಯ ಹರಾಜಿನ ರಸೀದಿಯ ಪ್ರತಿ ಬಂತು. ಕೇಳದವರಿಗೂ ಅದು ಸಿಗಬೇಕಿತ್ತು. ಬೆಳ್ಳಿಗೆ ಕಾಲಾಂತರದಲ್ಲಿ ಹಾನಿ ಮಾಡುವ ಮೆದು ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಳುಹಿಸಿದ್ದೂ ಸರಿಯಲ್ಲ.

ಭೂತಗನ್ನಡಿಯಲ್ಲಿ ನೋಡಿದಾಗ ಎರಕ ಹೊಯ್ದ ನಕಲಿನ ಗುರುತುಗಳಾದ ಅಂಚಿನ ಗೆರೆಯಾಗಲಿ, ಮೈಮೇಲಿನ ಗುಳ್ಳೆಗಳಾಗಲಿ ಕಾಣಲಿಲ್ಲ. ಆದರೂ ಕಪ್ಪು ಸಮುದ್ರದ ತೀರದ ಪ್ರಾಚೀನ ನಗರಗಳಾದ ಅಪೊಲೋನಿಯಾ, ಮೆಸೆಂಬ್ರಿಯಾಗಳ ಪುಟ್ಟ ನಾಣ್ಯಗಳ ನಕಲುಗಳು 1980ರ ದಶಕದ ಕೊನೆಯಲ್ಲಿ ರಾಶಿಯಾಗಿ ಮಾರುಕಟ್ಟೆಗೆ ಬಂದು ತಜ್ಞರನ್ನೂ ಗೊಂದಲಕ್ಕೆ ಕೆಡವಿದ್ದನ್ನು ನೆನೆದರೆ, ಕಾಲಮಿತಿಯಿಲ್ಲದ ಅಸಲಿತನದ ಖಾತರಿಯನ್ನು ಇವರು ಲಿಖಿತವಾಗಿ ಕೊಟ್ಟಿರುವುದು ಮೆಚ್ಚತಕ್ಕದ್ದು. ರಸೀದಿಯ ಪ್ರತಿಯನ್ನು ಹಣ ಕಟ್ಟುವ ಮೊದಲೇ ತರಿಸಿಕೊಳ್ಳುವುದಾದರೆ ಇವರಲ್ಲಿ ಕೊಳ್ಳಬಹುದು.